ಮೂರು ವಾರಕ್ಕೆ ಒಂದೇ ಪಾಠ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಫೋನು ಎತ್ತುತ್ತಿಲ್ಲ. ಎತ್ತಬೇಡ. ಎತ್ತಿದ್ದರೆ ನಾನು ಮತ್ತೆ ಮಾತಿನಲ್ಲೇ ಜಾರಿಕೊಳ್ಳುತ್ತಿದ್ದೆ. ನಿನ್ನ ಮೇಲೆ ಮುಖ್ಯೋಪಾಧ್ಯಾಯಿನಿಗೆ ದೂರು ಕೊಟ್ಟವಳು ನಾನೇ. ಯಾರೋ ಪೋಷಕರು ಕೊಟ್ಟಿರಬೇಕು ಅಂದೆನಲ್ಲ, ಅದು ಸುಳ್ಳು.

ಗೋಡೆಗೆ ಚಾರ್ಟ್ ಅಂಟಿಸಲು ಹೋಗಿ ಕುರ್ಚಿಯಿಂದ ಬಿದ್ದು ಕಾಲು ಉಳುಕಿಸಿಕೊಂಡಾಗ ನನ್ನ ಐದನೇ ತರಗತಿಯನ್ನು ನಿನಗೆ ಕೊಡಿಸಿದವಳೂ ನಾನೇ. ಇದೊಂದು ಸರಿಹೋದರೆ ನಿನ್ನ ಕೆಲಸ ಕಾಯಂ ಆಗುತ್ತದೆ ಎಂದು ಆಸೆ ಹುಟ್ಟಿಸಿದ್ದೆ. ಮೂರು ವಾರದಲ್ಲಿ ಐದು ಪಾಠ ಮುಗಿಯಬೇಕಿತ್ತು. ನೀನು ಭಾಗಾಕಾರ ಒಂದನ್ನೇ ಮಾಡಿದೆ. ದಿನವೂ ಕೊನೆಗೆ ಮಕ್ಕಳಿಂದ ಚೀಟಿಯಲ್ಲಿ ಒಂದು ಲೆಕ್ಕ ಮಾಡಿಸುವುದು, ಮರುದಿನ ಮಕ್ಕಳು ತಪ್ಪಿದ ಕಡೆಯಿಂದಲೇ ಶುರು. ನಾನು ವಾಪಸು ಬಂದು ಪಾಠಯೋಜನೆಯ ಪುಸ್ತಕ ತೆರೆದೆ, ಮೈಯೆಲ್ಲ ಉರಿದುಹೋಯಿತು. ಮಕ್ಕಳು ಏನು ಕಲಿತಿದ್ದಾರೆಂದು ನೋಡುವ ವ್ಯವಧಾನವೂ ಇಲ್ಲದೆ ದೂರು ಬರೆದುಬಿಟ್ಟೆ. ಅವರು ನಿನ್ನನ್ನು ಕೆಲಸದಿಂದ ಬಿಡಿಸಿದರು.

ಮೊನ್ನೆ ಶುಕ್ರವಾರ ಕೊನೆ ಬೆಂಚಿನ ಹುಡುಗಿ, ನಾನು ಮೌನಗೌರಿ ಎಂದು ಆಡಿಕೊಳ್ಳುತ್ತಿದ್ದೆನಲ್ಲ, ಅವಳು ಎದ್ದು ನಿಂತಳು. ಬೋರ್ಡಿನ ಮೇಲೆ ನಾನೇ ಏಳರಿಂದ ಭಾಗಿಸಿ ಎಂಟು ಉಳಿಸಿದ್ದೆ. "ಟೀಚರ್, ಎಂಟು ಉಳಿಯೋಕಾಗಲ್ಲ, ಇನ್ನೊಂದ್ಸಲ ಏಳು ಹೋಗುತ್ತೆ" ಅಂದಳು. ಯಾಕೆ ಎಂದು ಗದರಿದರೆ ಎಣಿಕೆಯ ಕಡ್ಡಿಗಳನ್ನು ಏಳೇಳಾಗಿ ಹಂಚಿ ತೋರಿಸಿದಳು. ಉಳಿದವರೂ ಹೌದೆಂದು ತಲೆಯಾಡಿಸಿದರು. ನಾನು "ಅರ್ಥ ಆಯ್ತಾ?" ಅಂದಾಗಲೆಲ್ಲ "ಹೂಂ ಟೀಚರ್" ಎಂದು ಒಕ್ಕೊರಲಿನಲ್ಲಿ ಕೂಗುತ್ತಿದ್ದ ಮಕ್ಕಳೇ ಇವರು. ಆ ಹೂಂ ನಂಬಿಕೊಂಡು ಹದಿನೇಳು ವರ್ಷ ಪಾಠ ಮುಗಿಸಿದ್ದೇನೆ. ಬಣ್ಣದ ಚಾರ್ಟುಗಳಿಗೆ ಬಹುಮಾನ ಬೇರೆ.

ನಾಚಿಕೆಯಿಂದ ಸಾಯುವಂತಾಗಿದೆ ಕಣೇ. ಆ ಮಕ್ಕಳ ಮುಂದೆ ನಿಲ್ಲಲು ಮುಖವಿಲ್ಲ. ನಾಳೆ ಬೆಳಗ್ಗೆಯೇ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ, ಅವಸರದಲ್ಲಿ ತಪ್ಪಾಯಿತು ಎಂದು ಬರೆದುಕೊಡುತ್ತೇನೆ. ನಿನ್ನನ್ನು ಮತ್ತೆ ಕರೆಸಿಕೊಂಡಾರು. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ, ಅದಕ್ಕೇ ಈ ಕಾಗದ.

ನಿನ್ನ
ಅಕ್ಕ

ವಿ.ಸೂ.: ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದೆ. ಆ ಹುಡುಗಿ ಎದ್ದು ನಿಂತದ್ದು ಮೊನ್ನೆಯಲ್ಲ, ನಾನು ಶಾಲೆಗೆ ವಾಪಸು ಬಂದ ಮೊದಲ ದಿನ. ದೂರು ಬರೆದದ್ದು ಅದೇ ಮಧ್ಯಾಹ್ನ, ಮಕ್ಕಳು ಸರಿಯಾಗಿ ಬಿಡಿಸಿದ್ದ ನಿನ್ನ ಚೀಟಿಗಳನ್ನೆಲ್ಲ ಒಂದೊಂದಾಗಿ ನೋಡಿದ ಮೇಲೆ. ನಾಳೆ ಇದನ್ನೂ ಬರೆದುಕೊಡುತ್ತೇನೆ.