ಪೆಟ್ಟಿಗೆ ಕೆಟ್ಟಿತು, ಕಪ್ಪೆಗಳೇ ಇಲ್ಲವೆಂದಿರಿ

ಕೆರೆ ಸಂರಕ್ಷಣಾ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಬಡಾವಣೆಯ ಹಿಂದಿನ ಕೆರೆಯಲ್ಲಿ ಕಪ್ಪೆಗಳೇ ಇಲ್ಲ, ಆದ್ದರಿಂದ ಅದನ್ನು ಮುಚ್ಚಲು ಅಡ್ಡಿಯಿಲ್ಲ ಎಂಬ ವರದಿಗೆ ತಾವು ಸಹಿ ಹಾಕಿದ್ದೀರಿ. ಸಂರಕ್ಷಣೆ ಎಂಬ ಪದಕ್ಕೆ ಈ ಅರ್ಥವೂ ಇದೆಯೆಂದು ನನಗೆ ತಿಳಿದಿರಲಿಲ್ಲ.

ಕಪ್ಪೆಗಳ ಕೂಗನ್ನು ದಾಖಲಿಸುವ ಯಂತ್ರಗಳನ್ನು ಅಲ್ಲಿ ಮೊದಲು ಕಟ್ಟಿದವಳು ನಾನು. ಯಂತ್ರ ಮಳೆಯಲ್ಲಿ ಉಳಿಯಬೇಕಾದರೆ ಅದಕ್ಕೊಂದು ಗೂಡು ಬೇಕು. ನಲ್ಲಿ ಕೆಲಸದ ಪ್ಲಾಸ್ಟಿಕ್ ಪೈಪಿನ ತುಂಡು, ಎರಡು ಮುಚ್ಚಳ, ಕೂಗು ಒಳಬರಲು ಕೆಳಮುಖವಾಗಿ ಒಂದು ತೂತು, ಅದಕ್ಕೆ ಹಳೆಯ ರೇನ್‌ಕೋಟಿನ ತೆಳು ಬಟ್ಟೆ, ಇಷ್ಟೇ. ನನ್ನ ಅತ್ತೆ ಪ್ರತಿ ಗೂಡನ್ನೂ ಬಚ್ಚಲಿನ ಷವರಿನ ಕೆಳಗೆ ಹಿಡಿದು, ಒಳಗಿಟ್ಟ ಕಾಗದವನ್ನು ಕೆನ್ನೆಗೊತ್ತಿ ನೋಡುತ್ತಿದ್ದರು. “ಇದು ಹಸಿ ಆಗಿದೆ ಕಣೇ, ಇನ್ನೊಂದ್ಸಲ ಅಂಟು ಹಚ್ಚು” ಎನ್ನುತ್ತಿದ್ದರು. ಆ ಗೂಡುಗಳೊಳಗೆ ಒಂದು ಹನಿ ನೀರು ಇಳಿಯಲಿಲ್ಲ.

ಆಮೇಲೆ ತಾವು ತಪಾಸಣೆಗೆ ದಯಮಾಡಿಸಿದಿರಿ. ಗೂಡನ್ನು ಬೆರಳ ತುದಿಯಲ್ಲಿ ತಿರುಗಿಸಿ, “ಏನ್ರೀ ಇದು, ಚರಂಡಿ ಪೈಪಾ? ನಮ್ಮ ಕಚೇರಿಗೊಂದು ಘನತೆ ಇಲ್ವಾ?” ಎಂದಿರಿ.

“ಸರ್, ಕಬ್ಬಿಣದ ಪೆಟ್ಟಿಗೆ ಹಗಲು ಕಾಯತ್ತೆ, ಸಂಜೆ ತಣ್ಣಗಾದಾಗ ಒಳಗೇ ಬೆವರತ್ತೆ. ಯಂತ್ರ ಸಾಯತ್ತೆ” ಎಂದೆ.

“ನಮಗೆ ಪಾಠ ಮಾಡ್ಬೇಡಿ.”

ಮಾಡಲಿಲ್ಲ. ನನ್ನ ಗೂಡುಗಳು ಗುಜರಿಗೆ ಹೋದವು. ತಮ್ಮ ಲಾಂಛನ ಹೊತ್ತು, ಬೀಗ ಜಡಿಸಿಕೊಂಡ ಕಬ್ಬಿಣದ ಪೆಟ್ಟಿಗೆಗಳು ಮರವೇರಿದವು.

ಮಳೆಗಾಲ ಮುಗಿದು ಅವುಗಳ ಬೀಗ ತೆಗೆದಾಗ ನಾನೂ ಅಲ್ಲಿದ್ದೆ. ಒಳಗಿನ ನೀರು ತಮ್ಮ ನೌಕರನ ಬೂಟಿನ ಮೇಲೆ ಸುರಿಯಿತು. “ಮೇಡಂ, ಇದ್ರಲ್ಲಿ ಏನೂ ರೆಕಾರ್ಡ್ ಆಗಿಲ್ಲ” ಎಂದು ಆತ ತಗ್ಗಿದ ದನಿಯಲ್ಲಿ ಹೇಳಿದ. ಆ ಮಾತು ತಮ್ಮ ಮೇಜು ತಲುಪುವಷ್ಟರಲ್ಲಿ ‘ಕಪ್ಪೆಗಳ ಇರುವಿಕೆ ಕಂಡುಬಂದಿಲ್ಲ’ ಎಂದಾಯಿತು. ಪೆಟ್ಟಿಗೆ ಕಿವುಡಾದರೆ ಕಪ್ಪೆ ಮೂಕವಾಗುತ್ತದೆಯೇ? ತಮ್ಮ ಕಚೇರಿಯ ಫೋನು ಕೆಟ್ಟ ದಿನ ಊರಿನಲ್ಲಿ ಜನರೇ ಇರುವುದಿಲ್ಲವೇ?

ಮೊನ್ನೆ, ಅಕಾಲದ ಮಳೆ ನಿಂತ ಸಂಜೆ, ಮೊದಲ ಲಾರಿ ಬಂದು ಕೆರೆಗೆ ಮಣ್ಣು ಸುರಿದು ಹೋಯಿತು. ಅತ್ತೆ ಮತ್ತು ನಾನು ದಂಡೆಯ ಮೇಲೆ ನಿಂತಿದ್ದೆವು. ಇಂಜಿನ್ನಿನ ಸದ್ದು ಅಡಗಿದ್ದೇ ತಡ, ಜೊಂಡಿನೊಳಗಿಂದ ಒಂದು ಕೂಗು ಎದ್ದಿತು, ಬಳಿಕ ಹತ್ತಾರು, ಬಳಿಕ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು. ಅತ್ತೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: “ಇವಕ್ಕೆ ಯಾರೂ ವರದಿ ತೋರಿಸಿಲ್ಲ ಅನ್ಸತ್ತೆ.” ನನಗೆ ನಗು ಬರಲಿಲ್ಲ.

ಆ ವರದಿಯನ್ನು ಹಿಂದಕ್ಕೆ ಪಡೆಯಿರಿ. ಲಾರಿಗಳನ್ನು ಇಂದೇ ನಿಲ್ಲಿಸಿ. ಮಣ್ಣು ಬಿದ್ದ ಮೂಲೆಯಲ್ಲಿ ಮೊಟ್ಟೆಗಳಿದ್ದವು. ಅವುಗಳಿಗಾಗಿ ತಾವು ಮಾಡಬಹುದಾದದ್ದು ಇನ್ನೇನೂ ಉಳಿದಿಲ್ಲ. ಉಳಿದ ಕೆರೆಗಾಗಿ ಮಾಡುವುದು ಇನ್ನೂ ಉಳಿದಿದೆ.

ಇಂತಿ,
ತಮ್ಮ ಕಡತದಲ್ಲಿ ‘ತಕರಾರು ಅರ್ಜಿದಾರಳು’,
ನಮ್ಮ ಓಣಿಯಲ್ಲಿ ‘ಕಪ್ಪೆ ಮೇಡಂ’