ದೊಡ್ಡಪ್ಪನೂ ಕಡಲಿಗೆ

ಅಮ್ಮಾ,

ಕಾಫಿ ಲೋಟ ಕೆಳಗಿಟ್ಟು ಓದು, ಇದು ನಡೆದ ಕತೆ. ಮೊನ್ನೆ ತೋಟದಿಂದ ಫೋನಿನಲ್ಲಿ ಕೆಮ್ಮಿ, "ಸತ್ಯಾನ ರಾಮೇಶ್ವರಕ್ಕೆ ಕಳ್ಸಮ್ಮ, ಕಡಲೊಳಗೆ ಇಳಿದು ಮೀನು ನೋಡ್ಕೊಂಡು ಬರ್ಲಿ" ಅಂದದ್ದು ದೊಡ್ಡಪ್ಪ ಅಲ್ಲ, ಅವರ ದನಿ ಮಾಡಿ ನಾನು. ಅವರು ಒಪ್ಪದೆ ನೀನು ಕಳಿಸಲ್ಲ, ನನ್ನ ರಜೆಯೋ ಕಾಯಲ್ಲ.

ಫೋನಿಟ್ಟು ತಿರುಗಿ ನೋಡಿದರೆ ಅವರು ಹಿಂದೆಯೇ ನಿಂತಿದ್ದರು. ಟ್ರಿಪ್ ಮುಗಿಯಿತು ಅಂದುಕೊಂಡೆ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಇಳಿಸುತ್ತಾರೆ ಅಂತ ಮೆಲ್ಲಗೆ ಹೇಳಿದೆ.

"ಬಾವೀಲಿ ಈಜು ಕಲ್ಸುವಾಗ ನೀ ಮುಳುಗ್ಬಾರ್ದು ಅಂತ ಬೆನ್ನಿಗೆ ಸೋರೆಬುರುಡೆ ಕಟ್ಟಿದ್ದೆ. ಇವ್ರು ಮುಳುಗೋಕೇ ಕಟ್ತಾರಾ? ನಾನೂ ಬತ್ತೀನಿ ಕಂದ, ಅದನ್ನ ನೋಡ್ಬೇಕು" ಅಂದರು.

ಹಾಗಾಗಿ ಅವರೂ ಬರುತ್ತಿದ್ದಾರೆ. ಗೋಡೆಯ ಮೊಳೆಗೆ ನೇತುಹಾಕಿದ್ದ ಸೋರೆಬುರುಡೆ ಹುಡುಕಬೇಡ, ಕಾರಿನಲ್ಲಿದೆ. ಮಧ್ಯಾಹ್ನ ದ್ರಾಕ್ಷಿ ತೋಟಕ್ಕೆ ಮೋಟಾರ್ ಹಾಕಿ ನೀರು ಬಿಡು. ದೊಡ್ಡಪ್ಪನ ನಾಯಿಗೆ ಮೊಸರನ್ನ ಇಡು, ಬೈಯಬೇಡ. ನಮ್ಮಿಬ್ಬರಿಗೆಂದೇ ಒಂದು ದೋಣಿ ಗೊತ್ತು ಮಾಡಿದ್ದೇನೆ. ನಾಳೆ ರಾತ್ರಿ ಊಟಕ್ಕೆ ಬರುತ್ತೇವೆ.

ಫೋನಿನಲ್ಲಿ ಅವರ ದನಿ ಬಂದರೆ ಒಮ್ಮೆ ನಗಿಸಿ ನೋಡು. ಅವರ ಕೆಮ್ಮು, ಗದರಿಕೆ ನನಗೆ ಬರುತ್ತೆ. ತಮ್ಮ ದನಿಯನ್ನು ನನ್ನ ಬಾಯಲ್ಲಿ ಕೇಳಿದಾಗಿನಿಂದ ನಗುತ್ತಿದ್ದಾರಲ್ಲ, ಆ ನಗು ಮಾತ್ರ ನನಗೆ ಬರಲ್ಲ.

ಸತ್ಯಾ