ಒಲೆಕಟ್ಟೆಯ ಎತ್ತರ

ಕುರುಗೋಡು, ೧೯೭೬

ಕೊಟ್ರಬಸಮ್ಮಾ,

ಅತ್ತೆಯಾದವಳು ಮೊದಲು ಕಾಗದ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಇದನ್ನು ನೀನಿರುವ ಸಿರುಗುಪ್ಪಕ್ಕೆ ಹಾಕುವುದೂ ಇಲ್ಲ.

ನಿನ್ನೆ ಬಳ್ಳಾರಿಯಲ್ಲಿ ಬೆನ್ನಿನ ಎಕ್ಸ್‌ರೇ ತೆಗೆಸಿದೆ. ಆರು ತಿಂಗಳಿಂದ ನಡುಬೆನ್ನು ಹಿಡಿದು ಉರಿಯುತ್ತಿತ್ತು. ನನ್ನ ಅಪ್ಪನನ್ನು ಒಯ್ದ ಬೆನ್ನುಮೂಳೆಯ ಕ್ಷಯವೇ ಇದೆಂದು ಹೆದರಿದ್ದೆ, ಯಾರಿಗೂ ಹೇಳಿರಲಿಲ್ಲ.

“ಜ್ವರ ಬರ್ತಾವೇನ್ರಿ? ಕಾಲು ಜೋಮು ಹಿಡೀತಾವೇನು?” ಎಂದರು ಡಾಕ್ಟರು.

“ಇಲ್ಲ.”

“ಎಲುಬು ಚಲೋ ಐತಿ. ದಿನಾ ಬಗ್ಗಿ ಏನು ಮಾಡ್ತೀರಿ?”

“ರೊಟ್ಟಿ ಬಡೀತೀನಿ. ದಿನಾ ನಲವತ್ತು.”

“ಮತ್ತ ನೋಯಲಾರದ ಇರ್ತೈತೇನ್ರಿ? ಒಲಿ ಎತ್ತರ ಮಾಡಿಸ್ರಿ, ನಿಂತು ಬಡೀರಿ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಗುರಾಗಿ ಕೂತಿದ್ದೆ. ಕುಡತಿನಿ ಬಂದಾಗ ನಿನ್ನ ನೆನಪಾಯಿತು. ನೀನೂ ಒಮ್ಮೆ ಬೆನ್ನು ಹಿಡಿದುಕೊಂಡು, ಒಲೆ ಎತ್ತರ ಮಾಡಿಸಿರೆಂದು ಕೇಳಿದ್ದೆ. “ನಿಂತು ರೊಟ್ಟಿ ಬಡಿಯೋ ಮೈಗಳ್ಳರು ನಮ್ಮ ಮನ್ಯಾಗಿಲ್ಲ” ಎಂದಿದ್ದೆ ನಾನು. ಆ ತಿಂಗಳೇ ನೀನು ಗಂಡನೊಡನೆ ಬೇರೆ ಮನೆ ಮಾಡಿದೆ.

ಇಂದು ಒಲೆಕಟ್ಟೆ ಕಟ್ಟಲು ಗೌಂಡಿ ಬಂದ. “ನಿಮ್ಮ ಟೊಂಕದ ಮಟ್ಟಕ್ಕ ಕಟ್ಲೇನ್ರಿ, ಅಮ್ಮಾರೆ?” ಎಂದು ಕೇಳಿದ.

ನೀನು ನನಗಿಂತ ಎತ್ತರ.

“ಇನ್ನೂ ನಾಕು ಬೆರಳು ಏರಿಸಪ್ಪ,” ಎಂದೆ. “ನಾನು ಕಾಲ ಕೆಳಗ ಕಟ್ಟಿಗಿ ಮಣಿ ಹಾಕ್ಕೊಂಡು ನಿಂದರ್ತೀನಿ.”